ಸ್ಕ್ಯಾನ್ ನಾರ್ಮಲ್ ಬಂದ್ಮೇಲೂ ಟೇಪ್ ಯಾಕೆ ಹಿಡೀತಾರೆ

"ಅಕ್ಕಾ, ಐದು ತಿಂಗಳ ಸ್ಕ್ಯಾನ್ ಆಯ್ತು, ಎಲ್ಲಾ ನಾರ್ಮಲ್ ಅಂದ್ರು. ಆದ್ರೂ ನಾಲ್ಕು ವಾರ ಬಿಟ್ಟು ಮತ್ತೆ ಬನ್ನಿ ಅಂತಿದ್ದಾರೆ, ಆಮೇಲೂ ಇನ್ನೊಂದ್ಸಲ ಬೇಕಂತೆ. ನಾರ್ಮಲ್ ಅಂದ್ಮೇಲೆ ಮತ್ತೆ ಯಾಕೆ? ದುಡ್ಡು ಕೀಳೋಕಾ, ಇಲ್ಲಾ ಏನೋ ಮುಚ್ಚಿಡ್ತಿದ್ದಾರಾ?"

2024ರ ಆಗಸ್ಟಲ್ಲಿ ಪುಣೆಯಿಂದ ನಮ್ಮ ಚಿಕ್ಕಪ್ಪನ ಮಗಳು ಫೋನ್ ಮಾಡಿ ಕೇಳಿದ್ದು ಇದು. ಆ ಮಳೆಗಾಲದಲ್ಲಿ ಪುಣೆಯಲ್ಲಿ ಝಿಕಾ ಅಂತ ಸೊಳ್ಳೆಯಿಂದ ಹರಡೋ ವೈರಸ್ ಹಬ್ಬಿತ್ತು, ಬಸುರಿ ಹೆಂಗಸರಲ್ಲೂ ಸುಮಾರು ಜನಕ್ಕೆ ಪಾಸಿಟಿವ್ ಬಂದಿತ್ತು, ಜುಲೈ ಮೊದಲ ವಾರದಲ್ಲೇ ಕೇಂದ್ರ ಆರೋಗ್ಯ ಇಲಾಖೆಯವ್ರು ಎಲ್ಲಾ ರಾಜ್ಯಗಳಿಗೂ ಬಸುರಿಯರನ್ನ ಟೆಸ್ಟ್ ಮಾಡಿ, ಪಾಸಿಟಿವ್ ಬಂದವರ ಮಗು ಬೆಳವಣಿಗೆ ಮೇಲೆ ಕಣ್ಣಿಡಿ ಅಂತ ಸುತ್ತೋಲೆ ಕಳ್ಸಿದ್ರು. ಇವಳಿಗೆ ಆಗ ಮೂರೂವರೆ ತಿಂಗಳು. ಎರಡು ದಿನ ಸಣ್ಣ ಜ್ವರ, ಮೈಮೇಲೆಲ್ಲಾ ಕೆಂಪಗೆ ಎದ್ದಿತ್ತು, ಕಣ್ಣು ಕೆಂಪು, ಅಷ್ಟೇ. ಮೂರನೇ ದಿನ ಎದ್ದು ಅಡುಗೆ ಮಾಡ್ತಿದ್ಲು. ರಿಪೋರ್ಟ್ ಮಾತ್ರ ಪಾಸಿಟಿವ್.

ನಾನು ಡಾಕ್ಟರ್ ಅಲ್ಲ, ತುಂಬಾ ವರ್ಷ ಲ್ಯಾಬಲ್ಲಿ ರಕ್ತ ಮೂತ್ರದ ಜೊತೆ ಏಗಿದವಳು, ಅಷ್ಟೇ. ಆದ್ರೆ ಅವಳ ಪ್ರಶ್ನೆ ನಂಗೆ ತುಂಬಾ ಸರಿಯಾದ ಪ್ರಶ್ನೆ ಅನ್ನಿಸ್ತು, ಯಾಕಂದ್ರೆ "ಸ್ಕ್ಯಾನ್ ನಾರ್ಮಲ್" ಅನ್ನೋ ಎರಡು ಪದದ ಮೇಲೆ ನಮ್ಮನೇಲೆಲ್ಲಾ ಒಂಥರಾ ಮುದ್ರೆ ಒತ್ತಿಬಿಡ್ತೀವಿ, ಮುಗೀತು ಇನ್ನೇನೂ ಇಲ್ಲ ಅಂತ. ಸ್ಕ್ಯಾನ್ ಹೇಳೋದು ಅವತ್ತಿನ ಮಾತು, ಅದೂ ಅದರ ಕಣ್ಣಿಗೆ ಬೀಳೋದನ್ನ ಮಾತ್ರ. ಅದು ಸುಳ್ಳು ಹೇಳಲ್ಲ, ಆದ್ರೆ ಎಲ್ಲಾನೂ ಹೇಳಲ್ಲ. ಇದನ್ನ ಅವಳಿಗೆ ಫೋನಲ್ಲಿ ಅರ್ಧಂಬರ್ಧ ಹೇಳಿದ್ದೆ, ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ.

ಝಿಕಾ ಅಂದ್ರೆ ಮೊದಲಿಗೆ ಅದೊಂದು ಕಾಡಿನ ಹೆಸರು. ಉಗಾಂಡಾದ ಎಂಟೆಬೆ ಹತ್ರ ಇದೆ. 1947ರಲ್ಲಿ ಹಳದಿ ಜ್ವರದ ಬಗ್ಗೆ ಸಂಶೋಧನೆ ಮಾಡೋರು ಆ ಕಾಡಲ್ಲಿ ಬೋನಿನಲ್ಲಿಟ್ಟಿದ್ದ ಕೋತಿಯೊಂದಕ್ಕೆ ಜ್ವರ ಬಂತು, ಅದರ ರಕ್ತದಲ್ಲಿ ಈ ವೈರಸ್ ಸಿಕ್ತು. ಆಮೇಲೆ ಅರವತ್ತು ವರ್ಷ ಯಾರೂ ಇದನ್ನ ಕ್ಯಾರೇ ಅನ್ಲಿಲ್ಲ, ಯಾಕಂದ್ರೆ ಸೋಂಕು ತಗುಲಿದ ಐದು ಜನರಲ್ಲಿ ನಾಲ್ಕು ಜನಕ್ಕೆ ಏನೂ ಆಗಲ್ಲ, ಆದವರಿಗೂ ಡೆಂಗಿ ಚಿಕುನ್‌ಗುನ್ಯಾ ಮುಂದೆ ಇದು ಏನೂ ಅಲ್ಲ. 2007ರಲ್ಲಿ ಪೆಸಿಫಿಕ್‌ನ ಯಾಪ್ ದ್ವೀಪ, 2013ರಲ್ಲಿ ಫ್ರೆಂಚ್ ಪಾಲಿನೇಷ್ಯಾ, 2015ರಲ್ಲಿ ಬ್ರೆಜಿಲ್. ಬ್ರೆಜಿಲ್‌ನಲ್ಲಿ ಬಣ್ಣ ಬಯಲಾಯ್ತು.

ಅಲ್ಲಿ ಈಶಾನ್ಯ ಭಾಗದಲ್ಲಿ ರೆಸಿಫೆ ಅಂತ ಊರು. ವನೆಸ್ಸಾ ವಾನ್ ಡೆರ್ ಲಿಂಡೆನ್, ಅವರಮ್ಮ ಆನಾ, ಇಬ್ಬರೂ ಮಕ್ಕಳ ನರರೋಗದ ಡಾಕ್ಟ್ರು. 2015ರ ಮಧ್ಯದಿಂದ ತಲೆ ತೀರಾ ಸಣ್ಣದಾಗಿ ಹುಟ್ಟಿದ ಮಕ್ಕಳು ಇಬ್ಬರ ಕೈಗೂ ಒಂದರ ಮೇಲೊಂದು ಬರೋಕೆ ಶುರುವಾಯ್ತು. ವರ್ಷಕ್ಕೆ ಒಂದೋ ಎರಡೋ ನೋಡೋ ಕೇಸು, ಅಮ್ಮ ಮಗಳು ಮಾತಾಡ್ಕೊಂಡಾಗ ಇವಳ ಹತ್ರಾನೂ ಅದೇ, ಅವರ ಹತ್ರಾನೂ ಅದೇ. ತಾಯಂದಿರನ್ನ ಕೇಳಿದ್ರೆ ಸುಮಾರು ಜನ ಹೇಳಿದ್ದು, ಶುರುವಿನ ತಿಂಗಳುಗಳಲ್ಲಿ ಮೈಮೇಲೆ ಕೆಂಪಗೆ ಎದ್ದು ಹೋಗಿತ್ತು ಅಂತ. ಅಲ್ಲಿಂದ ಸ್ವಲ್ಪ ದೂರದ ಕಾಂಪಿನಾ ಗ್ರಾಂಡೆಯಲ್ಲಿ ಅಡ್ರಿಯಾನಾ ಮೆಲೊ ಅಂತ ಸ್ಕ್ಯಾನ್ ಮಾಡೋ ಡಾಕ್ಟ್ರು, ಹೊಟ್ಟೇಲಿರೋ ಮಕ್ಕಳ ಮಿದುಳು ಸರಿಯಾಗಿಲ್ಲ ಅಂತ ಕಂಡಿದ್ದ ಇಬ್ಬರು ಬಸುರಿಯರ ಗರ್ಭದ ನೀರು ತೆಗೆದು ಟೆಸ್ಟಿಗೆ ಕಳಿಸಿದ್ರು, ಎರಡರಲ್ಲೂ ಝಿಕಾ ಸಿಕ್ತು. ಅದು 2015ರ ನವೆಂಬರ್. 2016ರ ಫೆಬ್ರವರಿ 1ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಅಂತ ಘೋಷಣೆ ಮಾಡ್ತು. ಅಂದ್ರೆ ಈ ಕಾಯಿಲೆಗೂ ಮಗುವಿನ ಮಿದುಳಿಗೂ ನಂಟಿದೆ ಅಂತ ಮೊದಲು ತೋರಿಸಿಕೊಟ್ಟಿದ್ರಲ್ಲಿ ಸ್ಕ್ಯಾನ್ ರೂಮಿನ ಪಾಲು ದೊಡ್ಡದು, ಅದನ್ನ ಕಡಿಮೆ ಮಾಡಿ ಹೇಳೋಕೆ ನಾನು ಬರ್ತಿಲ್ಲ.

ಈಗ ಸ್ಕ್ಯಾನ್ ಏನು ನೋಡುತ್ತೆ ಅನ್ನೋದಕ್ಕೆ ಬರೋಣ. ಹೊಟ್ಟೆ ಮೇಲೆ ತಣ್ಣಗಿನ ಜೆಲ್ ಹಚ್ಚಿ ಆಡಿಸ್ತಾರಲ್ಲ, ಆ ಪ್ರೋಬ್ ನಮ್ಮ ಕಿವಿಗೆ ಕೇಳದಷ್ಟು ಕೀಚಲು ಶಬ್ದ ಒಳಗೆ ಬಿಡುತ್ತೆ, ವಾಪಸ್ ಬಂದ ಪ್ರತಿಧ್ವನೀನ ಹಿಡ್ಕೊಂಡು ಚಿತ್ರ ಮಾಡುತ್ತೆ. ಬಾವಿಯೊಳಗೆ ಕೂಗಿದ ಹಾಗೆ. ನೀರಿದ್ರೆ ಶಬ್ದ ಸಲೀಸಾಗಿ ಹೋಗಿಬಿಡುತ್ತೆ, ಕಪ್ಪು ಕಾಣುತ್ತೆ. ಮೂಳೆಗೆ ಬಡಿದ್ರೆ ಜೋರಾಗಿ ವಾಪಸ್, ಬೆಳ್ಳಗೆ ಕಾಣುತ್ತೆ. ಎಕ್ಸ್‌ರೇ ಥರ ವಿಕಿರಣ ಇಲ್ಲ. ಜಾಸ್ತಿ ಸ್ಕ್ಯಾನ್ ಮಾಡಿಸಿದ್ರೆ ಮಗೂಗೆ ಕೆಟ್ಟದು ಅಂತ ಇವಳ ಅತ್ತೆ ಗೊಣಗ್ತಿದ್ರಂತೆ, ಪಾಪ ಅವರದ್ದೂ ಪ್ರೀತೀನೇ, ಆದ್ರೆ ಡಾಕ್ಟ್ರು ಕಾರಣ ಇಟ್ಕೊಂಡು ಹೇಳಿದ ಸ್ಕ್ಯಾನಿಗೆ ಹೆದರೋದು ಬೇಡ.

ಝಿಕಾ ತಗುಲಿದ ಮಗೂಲಿ ಸ್ಕ್ಯಾನ್ ಹುಡುಕೋದು ಮುಖ್ಯವಾಗಿ ತಲೇಲಿ. ತಲೆ ಸುತ್ತಳತೆ ವಾರಕ್ಕೆ ತಕ್ಕ ಹಾಗೆ ಇದೆಯಾ, ಮಿದುಳಿನೊಳಗೆ ನೀರು ತುಂಬಿರೋ ಕೋಣೆಗಳಿರ್ತಾವೆ, ಅವು 10 ಮಿಲಿಮೀಟರ್ ದಾಟಿ ಉಬ್ಬಿದಾವಾ, ಎಡ ಬಲ ಮಿದುಳನ್ನ ಸೇರಿಸೋ ಪಟ್ಟಿ ಇದೆಯಾ, ಹಿಂದಿನ ಸಣ್ಣ ಮಿದುಳು ಸರಿಯಾಗಿದೆಯಾ, ಅಲ್ಲಲ್ಲಿ ಸುಣ್ಣ ಕಟ್ಟಿದ ಹಾಗೆ ಬಿಳಿ ಚುಕ್ಕೆ ಇದಾವಾ. ಈ ಚುಕ್ಕೆಗಳು ಎಲ್ಲಿ ಇದಾವೆ ಅನ್ನೋದೂ ಒಂದು ಸುಳಿವು. ಝಿಕಾದಲ್ಲಿ ಹೆಚ್ಚಾಗಿ ಮಿದುಳಿನ ಹೊರ ಪದರದ ಕೆಳಗೆ ಇರ್ತಾವೆ, ಸಿಎಂವಿ ಅಂತ ಇನ್ನೊಂದು ವೈರಸ್ ಇದೆ, ಅದರಲ್ಲಿ ಒಳಗಿನ ನೀರಿನ ಕೋಣೆಗಳ ಸುತ್ತ ಇರ್ತಾವೆ. ಕೈಕಾಲು ಕೀಲುಗಳು ಮಡಚಿಕೊಂಡು ಗಟ್ಟಿಯಾಗಿವೆಯಾ ಅಂತಾನೂ ನೋಡ್ತಾರೆ.

ಆದ್ರೆ ಇದೆಲ್ಲಾ ಸೋಂಕು ತಗುಲಿದ ಮಾರನೇ ವಾರ ಕಾಣಲ್ಲ. ವೈರಸ್ ಮಾಸು ದಾಟಿ ಒಳಗೆ ಹೋಗ್ಬೇಕು, ಮಿದುಳಿನ ಜೀವಕೋಶಗಳನ್ನ ಹುಟ್ಟುಹಾಕೋ ತಾಯಿ ಕೋಶಗಳು ಅಂತಿರ್ತಾವೆ ಅವನ್ನೇ ಹುಡುಕಿ ಕೊಲ್ಲಬೇಕು, ಅವು ಸತ್ತಿದ್ದಕ್ಕೆ ಮುಂದೆ ಹುಟ್ಟಬೇಕಾಗಿದ್ದ ಕೋಶಗಳು ಹುಟ್ಟದೇ ಹೋಗ್ಬೇಕು, ಆಮೇಲೆ ತಾನೆ ತಲೆ ಬೆಳೆಯೋದು ನಿಧಾನ ಆಗೋದು. ಬಿತ್ತನೆ ಬೀಜಕ್ಕೆ ಹುಳ ಬಿದ್ರೆ ಅವತ್ತೇ ಗೊತ್ತಾಗುತ್ತಾ, ಪೈರು ಎದ್ದು ನಿಲ್ಲೋ ಹೊತ್ತಿಗೆ ಅಲ್ಲಲ್ಲಿ ಖಾಲಿ ಕಾಣುತ್ತಲ್ಲ, ಹಾಗೆ. ಇನ್ನೊಂದು ವಿಷ್ಯ ಇದೆ, ನಂಗೆ ಇದು ಗೊತ್ತಾದಾಗ ಒಂದು ನಿಮಿಷ ಸುಮ್ನೆ ಕೂತಿದ್ದೆ. ಮಿದುಳಿನ ಮೇಲೆ ಆಕ್ರೋಟ್ ಥರ ಸುಕ್ಕು ಮಡಿಕೆ ಇರುತ್ತಲ್ಲ, ಇಪ್ಪತ್ತು ವಾರದ ಮಗೂಗೆ ಅದು ಹೆಚ್ಚುಕಮ್ಮಿ ಇರೋದೇ ಇಲ್ಲ, ಎಲ್ಲಾ ಮಕ್ಕಳದ್ದೂ ನುಣ್ಣಗೇ ಇರುತ್ತೆ. ಮಡಿಕೆಗಳೆಲ್ಲ ಬರೋದು ಆಮೇಲಿನ ತಿಂಗಳುಗಳಲ್ಲಿ. ಹಂಗಾಗಿ ಈ ಮಗೂನ ಮಿದುಳಲ್ಲಿ ಮಡಿಕೆ ಸರಿಯಾಗಿ ಬರುತ್ತೋ ಇಲ್ವೋ ಅಂತ ಐದು ತಿಂಗಳ ಸ್ಕ್ಯಾನಲ್ಲಿ ಯಾವ ಮಹಾ ಡಾಕ್ಟ್ರೂ ಹೇಳೋಕಾಗಲ್ಲ. ಇನ್ನೂ ಬರದೇ ಇರೋದನ್ನ ನೋಡೋದು ಹೆಂಗೆ?

ನಾಲ್ಕು ವಾರಕ್ಕೊಮ್ಮೆ ಬನ್ನಿ ಅಂದಿದ್ದು ಇದಕ್ಕೇ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ ಝಿಕಾ ತಗುಲಿದ ಬಸುರಿಯರಿಗೆ ಮೂರ್ನಾಲ್ಕು ವಾರಕ್ಕೊಂದು ಸ್ಕ್ಯಾನ್ ಪರಿಗಣಿಸಿ ಅಂತಾನೇ ಹೇಳಿದ್ದು.

ಒಂದು ಕೇಸು ಹೇಳ್ತೀನಿ, 2016ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು. ಒಬ್ಬ ಹೆಂಗಸು, ಹನ್ನೊಂದನೇ ವಾರದಲ್ಲಿ ಮಧ್ಯ ಅಮೆರಿಕ ಕಡೆ ಟೂರ್ ಹೋಗಿದ್ಲು, ಅಲ್ಲಿ ಸೋಂಕು ತಗುಲ್ತು. 13, 16, 17ನೇ ವಾರ ಸ್ಕ್ಯಾನ್ ಮಾಡಿದ್ರು, ತಲೆ ಸಣ್ಣದಿಲ್ಲ, ಸುಣ್ಣದ ಚುಕ್ಕೆ ಇಲ್ಲ. 19ನೇ ವಾರ ಮಿದುಳು ಸರಿಯಿಲ್ಲ ಅಂತ ಕಾಣೋಕೆ ಶುರುವಾಯ್ತು. ಆಗ್ಲೂ ತಲೆ ಸುತ್ತಳತೆ ಮಾತ್ರ ನಾರ್ಮಲ್ ಒಳಗೇ ಇತ್ತು! ಆದ್ರೆ 16ನೇ ವಾರದಲ್ಲಿ 47ನೇ ಪರ್ಸೆಂಟೈಲ್ ಇದ್ದದ್ದು 20ನೇ ವಾರಕ್ಕೆ 24ಕ್ಕೆ ಇಳಿದಿತ್ತು. ಪರ್ಸೆಂಟೈಲ್ ಅಂದ್ರೆ ಅದೇ ವಾರದ ನೂರು ಮಕ್ಕಳನ್ನ ಸಣ್ಣ ತಲೆಯಿಂದ ದೊಡ್ಡ ತಲೆವರೆಗೆ ಸಾಲಾಗಿ ನಿಲ್ಲಿಸಿದ್ರೆ ಈ ಮಗು ಎಷ್ಟನೇದು ಅಂತ. 24 ಅನ್ನೋದು ತಾನಾಗೇ ಏನೂ ಕೆಟ್ಟ ನಂಬರ್ ಅಲ್ಲ, ಎಷ್ಟೋ ಚೂಟಿ ಮಕ್ಕಳು ಅಲ್ಲೇ ಇರ್ತಾವೆ. ಕೆಟ್ಟದ್ದು ಯಾವುದಂದ್ರೆ 47ರಲ್ಲಿದ್ದ ಮಗು ಒಂದೇ ತಿಂಗಳಲ್ಲಿ ಸಾಲು ಬಿಟ್ಟು ಹಿಂದೆ ಜಾರಿದ್ದು. ಒಂದೇ ಸ್ಕ್ಯಾನ್ ಮಾಡಿ ಬಿಟ್ಟಿದ್ರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ. ಆಮೇಲೆ ಎಂಆರ್‌ಐ ಕೂಡ ಮಾಡಿದ್ರು, ಕೊನೆಗೆ ಅವರು ಗರ್ಭ ತೆಗೆಸಬೇಕಾಗಿ ಬಂತು, ಮಗುವಿನ ಮಿದುಳಲ್ಲಿ ವೈರಸ್ ಸಿಕ್ತು.

ಇದನ್ನ ಇವಳಿಗೆ ಫೋನಲ್ಲಿ ಹೇಳ್ಲಿಲ್ಲ ಅನ್ನಿ. ಬಸುರಿಗೆ ಹೇಳೋ ಕಥೆನಾ ಇದು. ಅವಳಿಗೆ ಹೇಳಿದ್ದು ಇನ್ನೊಂದು ಲೆಕ್ಕ, ಅದೂ ಅಷ್ಟೇ ನಿಜ: ಪೋರ್ಟೊ ರಿಕೊ ಮುಂತಾದ ಅಮೆರಿಕದ ದ್ವೀಪ ಪ್ರದೇಶಗಳಲ್ಲಿ ಝಿಕಾ ತಗುಲಿದ ಬಸುರಿಯರನ್ನ ಸಾವಿರಾರು ಲೆಕ್ಕದಲ್ಲಿ ಹಿಂಬಾಲಿಸಿ ನೋಡಿದಾಗ ಹುಟ್ಟಿನಲ್ಲೇ ಕಾಣೋ ದೋಷ ಇದ್ದದ್ದು ನೂರಕ್ಕೆ ಐದು ಮಕ್ಕಳಲ್ಲಿ. ಮೊದಲ ಮೂರು ತಿಂಗಳಲ್ಲಿ ತಗುಲಿದ್ರೆ 8, ನಡುವಿನ ಮೂರು ತಿಂಗಳಲ್ಲಿ 5, ಕೊನೇ ಮೂರು ತಿಂಗಳಲ್ಲಿ 4. ತೊಂಬತ್ತಕ್ಕಿಂತ ಜಾಸ್ತಿ ಮಕ್ಕಳು ಆ ಲೆಕ್ಕಕ್ಕೆ ಬರ್ಲಿಲ್ಲ ಕಣೇ, ಅಂದೆ. ರಿಯೋದಲ್ಲಿ ನಡೆದ ಇನ್ನೊಂದು ಸ್ಟಡೀಲಿ ಲೆಕ್ಕ ತುಂಬಾ ಜಾಸ್ತಿ ಬಂದಿತ್ತು, ಸೋಂಕಿತ ತಾಯಂದಿರಿಗೆ ಹುಟ್ಟಿದ 117 ಮಕ್ಕಳಲ್ಲಿ 42 ಪರ್ಸೆಂಟಿಗೆ ಪರೀಕ್ಷೇಲೋ ಮಿದುಳಿನ ಚಿತ್ರದಲ್ಲೋ ಏನಾದ್ರೂ ವ್ಯತ್ಯಾಸ ಕಂಡಿತ್ತು. ಆದ್ರೆ ನೋಡಿ, ಆ 117 ಮಕ್ಕಳಲ್ಲಿ ತಲೆ ಸಣ್ಣ ಇದ್ದದ್ದು ಬರೀ ನಾಲ್ಕಕ್ಕೆ. ಎರಡು ಲೆಕ್ಕಕ್ಕೂ ಇಷ್ಟು ಅಂತರ ಯಾಕಂದ್ರೆ ಅಳತೆಗೋಲು ಬೇರೆ ಬೇರೆ, ರಿಯೋದವರು ಜ್ವರ ಗಂಧೆ ಕಾಣಿಸಿಕೊಂಡು ಬಂದವರನ್ನೇ ತಗೊಂಡಿದ್ರು, ಸಣ್ಣ ಪುಟ್ಟದನ್ನೂ ಹುಡುಕಿ ಬರ್ಕೊಂಡ್ರು. ಆದ್ರೂ ಒಂದು ಮಾತಂತೂ ಗಟ್ಟಿ, ಬರೀ ತಲೆ ಸೈಜ್ ನೋಡಿ ಬಿಟ್ರೆ ಸುಮಾರು ಮಕ್ಕಳು ತಪ್ಪಿಹೋಗ್ತಾರೆ.

ಯಾಕಂದ್ರೆ ಸ್ಕ್ಯಾನ್ ಆಕಾರ ನೋಡುತ್ತೆ, ಕೆಲಸ ನೋಡಲ್ಲ. ಕಿವಿ ಇದೆ ಅಂತ ಹೇಳುತ್ತೆ, ಕೇಳಿಸುತ್ತಾ ಅಂತ ಹೇಳಲ್ಲ. ಕಣ್ಣಿನ ಗುಡ್ಡೆ ಎರಡೂ ಇದಾವೆ ಅನ್ನುತ್ತೆ, ಒಳಗಿನ ಪರದೆ ಮೇಲೆ ಕಲೆ ಬಿದ್ದಿದೆಯಾ ಅನ್ನೋದು ಅದಕ್ಕೆ ಕಾಣಲ್ಲ. ಹುಟ್ಟಿದ ಮೇಲೆ ಹಾಲು ಕುಡಿಯುವಾಗ ನೆತ್ತಿಗೆ ಹತ್ತುತ್ತಾ, ಕತ್ತು ನಿಲ್ಲುತ್ತಾ, ಫಿಟ್ಸ್ ಬರುತ್ತಾ, ಇದ್ಯಾವುದಕ್ಕೂ ಸ್ಕ್ಯಾನ್ ಹತ್ರ ಉತ್ತರ ಇಲ್ಲ.

ಅದೇ ವನೆಸ್ಸಾ ಡಾಕ್ಟ್ರು ಮತ್ತು ಜೊತೆಯವರು 2016ರಲ್ಲೇ ಇನ್ನೊಂದು ವರದಿ ಕೊಟ್ರು. ಪೆರ್ನಾಂಬುಕೊ ಮತ್ತೆ ಸಿಯಾರಾ ರಾಜ್ಯದ 13 ಮಕ್ಕಳು, ಹುಟ್ಟುವಾಗ ಎಲ್ಲರದ್ದೂ ತಲೆ ಅಳತೆ ನಾರ್ಮಲ್. ಆದ್ರೆ ಒಳಗೆ ಮಿದುಳಿಗೆ ಏಟು ಬಿದ್ದಿತ್ತು. ದಿನ ಕಳೆದ ಹಾಗೆ ತಲೆ ಬೆಳೆಯೋದು ನಿಧಾನ ಆಗಿ ಅವರಲ್ಲಿ 11 ಮಕ್ಕಳಿಗೆ ಆಮೇಲೆ ಸಣ್ಣ ತಲೆ ಅಂತ ಆಯ್ತು. ಹುಟ್ಟಿದ ದಿನದ ಟೇಪ್ ಒಂದನ್ನೇ ನಂಬಿದ್ರೆ ಹದಿಮೂರೂ ಪಾಸ್.

ಟೇಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಈ ಕಥೇಲಿ ಕೋಟಿ ರೂಪಾಯಿ ಮೆಷಿನ್ನಿಗಿಂತ ನಂಗೆ ಅದೇ ದೊಡ್ಡದಾಗಿ ಕಾಣುತ್ತೆ. ಬ್ರೆಜಿಲ್‌ನಲ್ಲಿ ಶುರುವಿಗೆ 33 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಸಣ್ಣ ತಲೆ ಅಂತ ಬರ್ಕೊಳ್ಳಿ ಅಂದ್ರು. ಹಾಗೆ ಬರೆದ್ರೆ ಆರೋಗ್ಯವಾಗಿರೋ ಎಷ್ಟೋ ಮಕ್ಕಳೂ ಆ ಪಟ್ಟೀಲಿ ಸೇರ್ತವೆ, ಯಾಕಂದ್ರೆ ತುಂಬಿದ ತಿಂಗಳಿಗೆ ಹುಟ್ಟಿದ ಹೆಣ್ಣು ಮಗುವಿನ ಸರಾಸರಿ ತಲೆ ಸುತ್ತಳತೇನೇ ಸುಮಾರು 33.9, ಗಂಡಿಗೆ 34.5. 2015ರ ಡಿಸೆಂಬರಲ್ಲಿ 32ಕ್ಕೆ ಇಳಿಸಿದ್ರು, 2016ರ ಮಾರ್ಚಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಳತೆಗೆ ಬಂದ್ರು, ಗಂಡಿಗೆ 31.9, ಹೆಣ್ಣಿಗೆ 31.5. ಒಂದೂವರೆ ಸೆಂಟಿಮೀಟರ್ ಅಂದ್ರೆ ನಮ್ಮ ಕಿರುಬೆರಳಿನ ಅಗಲ ಇರಬಹುದು, ಅಷ್ಟರಲ್ಲಿ ಎಷ್ಟು ಸಾವಿರ ಮನೆಯವರು ನಿದ್ದೆಗೆಟ್ಟಿರ್ತಾರೆ ಯೋಚನೆ ಮಾಡಿ. ಆಮೇಲೆ ನಾರ್ಮಲ್ ಡೆಲಿವರಿಯಲ್ಲಿ ಮಗು ತಲೆ ಒತ್ತಿಕೊಂಡು ಉದ್ದ ಆಗಿ ಬಂದಿರುತ್ತೆ, ಅದು ಇಳಿಯೋಕೆ ಟೈಮ್ ಬೇಕು, ಹಂಗಾಗಿ ಒಂದು ದಿನ ಕಳೆದ ಮೇಲೆ ಅಳೆದ್ರೆ ಚೆನ್ನ. ಟೇಪ್ ಹುಬ್ಬಿನ ಮೇಲಿಂದ ಹೋಗಿ ಹಿಂದೆ ತಲೆ ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲಿ ಬರಬೇಕು, ಮೂರು ಸಲ ಅಳೆದು ಅದರಲ್ಲಿ ದೊಡ್ಡದನ್ನ ಬರ್ಕೋಬೇಕು. ಟೈಲರ್ ಹತ್ರ ಇರೋ ಬಟ್ಟೆ ಟೇಪ್ ಬೇಡ, ಅದು ಎಳೆದ್ರೆ ಹಿಗ್ಗುತ್ತೆ.

ಪುಣೆ ಕಥೆ ಅಷ್ಟಕ್ಕೆ ಇರ್ಲಿ, ನಮ್ಮ ರಾಜ್ಯದಲ್ಲಿ ಝಿಕಾ ಇದೆಯಾ ಅಂತ ಕೇಳ್ತೀರೇನೋ. 2021ರ ಜುಲೈನಲ್ಲಿ ಕೇರಳದಲ್ಲಿ ಮೊದಲ ಕೇಸ್ ಬಂದಿದ್ದೇ ತುಂಬು ಗರ್ಭಿಣಿಗೆ. 2022ರ ಡಿಸೆಂಬರಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿಗೆ ಬಂತು, ಕರ್ನಾಟಕದಲ್ಲಿ ಅದೇ ಮೊದಲು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ವೈರಸ್ ಸಿಕ್ತು. ಸೊಳ್ಳೆ ಅದೇ, ಡೆಂಗಿ ಹರಡೋ ಈಡಿಸ್, ಹಗಲು ಹೊತ್ತು ಕಚ್ಚೋದು, ಡ್ರಮ್ಮು, ಹೂವಿನ ಕುಂಡದ ತಟ್ಟೆ, ಹಳೇ ಟೈರು, ಎಸೆದ ಎಳನೀರು ಬುರುಡೆ, ಎಲ್ಲಿ ತಿಳಿ ನೀರು ನಿಂತಿರುತ್ತೋ ಅಲ್ಲಿ. ಝಿಕಾ ಗಂಡ ಹೆಂಡತಿ ಸೇರೋದ್ರಿಂದಾನೂ ಹರಡುತ್ತೆ ಅನ್ನೋದನ್ನ ನಮ್ಮಲ್ಲಿ ಬಾಯಿಬಿಟ್ಟು ಹೇಳೋರು ಕಮ್ಮಿ, ಗಂಡನಿಗೆ ಸೋಂಕು ಆಗಿದ್ರೆ ಹೆರಿಗೆ ಆಗೋವರೆಗೂ ಕಾಂಡೋಮ್ ಬಳಸ್ಬೇಕು. ಟೆಸ್ಟಲ್ಲೂ ಒಂದು ಪೇಚಿದೆ, ಇದು ನಮ್ಮ ಲ್ಯಾಬಿನವರ ತಲೆನೋವು. ಆಂಟಿಬಾಡಿ ಟೆಸ್ಟ್ ಡೆಂಗಿಗೂ ಝಿಕಾಗೂ ಗೊಂದಲ ಮಾಡ್ಕೊಳ್ಳುತ್ತೆ, ಎರಡೂ ಒಂದೇ ಮನೆತನದ ವೈರಸ್, ನಮ್ಮ ದೇಶದಲ್ಲಿ ಡೆಂಗಿ ತಗುಲದೇ ಇರೋರು ಎಷ್ಟು ಜನ ಸಿಗ್ತಾರೆ ಹೇಳಿ. ಅದಕ್ಕೇ ಜ್ವರ ಬಂದ ಹೊಸದರಲ್ಲೇ ರಕ್ತ ಮೂತ್ರ ಎರಡೂ ತಗೊಂಡು, ವೈರಸ್ಸನ್ನೇ ನೇರವಾಗಿ ಹುಡುಕೋ ಪಿಸಿಆರ್ ಟೆಸ್ಟ್ ಮಾಡಿಸೋದು ಸರಿ.

ಝಿಕಾ ಒಂದೇ ಅಲ್ಲ. ಬೇರೆ ವೈರಸ್‌ಗಳ ಜೊತೆ ಇಟ್ಟು ನೋಡಿದ್ರೆ ಸ್ಕ್ಯಾನ್ ಎಲ್ಲಿ ಪ್ರಾಣ ಉಳಿಸುತ್ತೆ, ಎಲ್ಲಿ ಸುಮ್ನೆ ನಿಂತು ನೋಡುತ್ತೆ ಅನ್ನೋದು ಇನ್ನೂ ಚೆನ್ನಾಗಿ ಕಾಣುತ್ತೆ.

ಪ್ರಾಣ ಉಳಿಸೋದಕ್ಕೆ ಒಳ್ಳೇ ಉದಾಹರಣೆ ಪಾರ್ವೋ ವೈರಸ್ ಬಿ19. ಸ್ಕೂಲ್ ಮಕ್ಕಳಿಗೆ ಕೆನ್ನೆಗೆ ಹೊಡೆದ ಹಾಗೆ ಕೆಂಪಗಾಗಿ ಜ್ವರ ಬರುತ್ತಲ್ಲ, ಅದು. ಬಸುರಿಗೆ ತಗುಲಿದ್ರೆ ಇದು ಮಗುವಿನ ಮಿದುಳಿಗೆ ಕೈ ಹಾಕಲ್ಲ, ರಕ್ತ ತಯಾರಾಗೋ ಜಾಗಕ್ಕೆ ಹಾಕುತ್ತೆ. ಮಗೂಗೆ ರಕ್ತಹೀನತೆ ಆಗುತ್ತೆ, ಜಾಸ್ತಿ ಆದ್ರೆ ಮೈಯೆಲ್ಲಾ ನೀರು ತುಂಬುತ್ತೆ. ಈಗ ಹೊಟ್ಟೇಲಿರೋ ಮಗೂಗೆ ರಕ್ತ ಕಮ್ಮಿ ಅಂತ ಸೂಜಿ ಚುಚ್ಚದೇ ಹೇಳೋದು ಹೇಗೆ? ರಕ್ತ ತೆಳ್ಳಗಾದ್ರೆ ಜೋರಾಗಿ ಹರಿಯುತ್ತೆ, ಸಾರು ನೀರಾದ್ರೆ ಸೌಟಿಂದ ಬೇಗ ಸುರಿಯಲ್ವಾ ಹಂಗೆ. ಹೃದಯಾನೂ ಜಾಸ್ತಿ ಪಂಪ್ ಮಾಡುತ್ತೆ. ಮಿದುಳಿಗೆ ಹೋಗೋ ಒಂದು ನಾಳದಲ್ಲಿ ಆ ವೇಗಾನ ಡಾಪ್ಲರ್ ಅನ್ನೋ ಸ್ಕ್ಯಾನಲ್ಲಿ ಹೊರಗಿಂದಾನೇ ಅಳೀತಾರೆ, ಆ ವಾರಕ್ಕೆ ಇರಬೇಕಾದ ನಡುವಿನ ವೇಗಕ್ಕಿಂತ ಒಂದೂವರೆ ಪಟ್ಟು ದಾಟಿದ್ರೆ ರಕ್ತಹೀನತೆ ಜೋರಾಗಿದೆ ಅಂತ ಲೆಕ್ಕ. ಆಗ ಅದೇ ಸ್ಕ್ಯಾನ್ ನೋಡ್ಕೊಂಡೇ ಹೊಕ್ಕುಳಬಳ್ಳಿಗೆ ಸಣ್ಣ ಸೂಜಿ ಹಾಕಿ ಹೊಟ್ಟೆಯೊಳಗೇ ಮಗೂಗೆ ರಕ್ತ ಕೊಡ್ತಾರೆ. ಬೆಂಗಳೂರಲ್ಲೂ ಇದನ್ನ ಮಾಡ್ತಾರೆ. ನಂಗಂತೂ ಇದು ಪವಾಡಕ್ಕಿಂತ ಕಮ್ಮಿ ಅನ್ಸಲ್ಲ.

ಇನ್ನೊಂದು ತುದೀಲಿ ಚಿಕುನ್‌ಗುನ್ಯಾ. 2006ರಲ್ಲಿ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನಕ್ಕೆ ಬಂದಿರಬಹುದು ಅಂತ ಲೆಕ್ಕ ಆಗಿತ್ತು, ಕೀಲು ಹಿಡ್ಕೊಂಡು ಗೋಡೆ ಹಿಡ್ಕೊಂಡು ಓಡಾಡಿದ್ದು ಎಲ್ಲರಿಗೂ ನೆನಪಿರುತ್ತೆ. ಇದು ಬಸುರಿನ ಮಧ್ಯದಲ್ಲಿ ಬಂದು ಹೋದ್ರೆ ಮಗೂಗೆ ಸಾಮಾನ್ಯವಾಗಿ ಏನೂ ಆಗಲ್ಲ. ಹೆರಿಗೆ ಹೊತ್ತಲ್ಲಿ ತಾಯಿ ರಕ್ತದಲ್ಲಿ ವೈರಸ್ ಇದ್ರೆ ಮಾತ್ರ ಕಷ್ಟ. ಅದೇ ಸುಮಾರಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ನೋಡಿದಾಗ ಅಂಥ ತಾಯಂದಿರ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಸೋಂಕು ತಗುಲಿತ್ತು. ಮಗು ಹುಟ್ಟುವಾಗ ಗುಂಡಗೆ ಚೆನ್ನಾಗಿರುತ್ತೆ, ಮೂರು ನಾಲ್ಕು ದಿನ ಕಳೆದ ಮೇಲೆ ಜ್ವರ, ಹಾಲು ಬಿಡೋದು, ಮುಟ್ಟಿದ್ರೆ ಅಳೋದು, ಕೆಲವಕ್ಕೆ ಫಿಟ್ಸ್. ಆಮೇಲಾಮೇಲೆ ಮೂಗಿನ ಮೇಲೆಲ್ಲಾ ಕಂದು ಬಣ್ಣ ಬರುತ್ತೆ, ನಮ್ಮ ಮಕ್ಕಳ ಡಾಕ್ಟ್ರುಗಳು ಅದನ್ನ ನೋಡೇ ಗುರ್ತು ಹಿಡೀತಾರೆ. ಇಲ್ಲಿ ಬಸುರಿನ ಸ್ಕ್ಯಾನ್ ನೂರು ಸಲ ಮಾಡಿದ್ರೂ ಏನೂ ಸಿಗಲ್ಲ, ಬೇಕಾಗಿರೋದು ಅಮ್ಮನಿಗೆ ಜ್ವರ ಇತ್ತು, ಮಗೂನ ನಾಲ್ಕೈದು ದಿನ ಮನೆಗೆ ಕಳಿಸಬೇಡಿ ಅನ್ನೋ ಒಂದು ಎಚ್ಚರ. ಚಿಕನ್ ಪಾಕ್ಸಲ್ಲೂ ಹೀಗೇನೇ, ನಮ್ಮ ಕಡೆ ಅಮ್ಮ ಬಂದಿದೆ ಅಂತಾರಲ್ಲ ಅದು, ಹೆರಿಗೆಗೆ ಐದು ದಿನ ಮುಂಚೆಯಿಂದ ಎರಡು ದಿನ ಆದ್ಮೇಲಿನವರೆಗೆ ತಾಯಿಗೆ ಎದ್ದರೆ ಮಗೂಗೆ ತುಂಬಾ ಅಪಾಯ, ಯಾಕಂದ್ರೆ ತಾಯಿ ರಕ್ಷಣೆ ಮಗೂಗೆ ದಾಟೋಷ್ಟು ಟೈಮೇ ಇರಲ್ಲ. ಬೇವಿನ ಸೊಪ್ಪು ಇಡಿ, ಬೇಡ ಅನ್ನಲ್ಲ, ಆದ್ರೆ ಡಾಕ್ಟ್ರಿಗೆ ಹೇಳದೇ ಮುಚ್ಚಿಡಬೇಡಿ, ಮಗೂಗೆ ಕೊಡೋಕೆ ಇಂಜೆಕ್ಷನ್ ಇದೆ.

ರುಬೆಲ್ಲಾ ಹಳೇ ಶತ್ರು. 1941ರಲ್ಲಿ ಸಿಡ್ನಿಯ ಕಣ್ಣಿನ ಡಾಕ್ಟ್ರು ನಾರ್ಮನ್ ಗ್ರೆಗ್, ಹಸುಗೂಸುಗಳ ಕಣ್ಣಲ್ಲಿ ಪೊರೆ ಜಾಸ್ತಿ ಕಾಣ್ತಿದೆ, ಅವರ ತಾಯಂದಿರಿಗೆಲ್ಲಾ ಶುರುವಿನ ತಿಂಗಳಲ್ಲಿ ರುಬೆಲ್ಲಾ ಬಂದಿತ್ತು ಅಂತ ಗಮನಿಸಿ ಹೇಳಿದ್ರು. ಬಸುರಲ್ಲಿ ವೈರಸ್ ತಗುಲಿದ್ರೆ ಮಗೂಗೆ ಊನ ಆಗಬಹುದು ಅಂತ ಜಗತ್ತಿಗೆ ಗೊತ್ತಾಗಿದ್ದೇ ಅಲ್ಲಿಂದ. ಕಣ್ಣಿನ ಪೊರೆ, ಹೃದಯದ ತೊಂದ್ರೆ, ಕಿವುಡು, ಮೂರೂ ಸೇರಿ ಬರ್ತಾವೆ, ಇದರಲ್ಲಿ ಸ್ಕ್ಯಾನಿಗೆ ಹೃದಯ ಸಿಗುತ್ತೆ, ಪೊರೆ ಅದೃಷ್ಟ ಇದ್ರೆ ಸಿಗುತ್ತೆ, ಕಿವಿ ಸಿಗೋದೇ ಇಲ್ಲ. ಸಮಾಧಾನ ಏನಂದ್ರೆ ಇದಕ್ಕೆ ಲಸಿಕೆ ಇದೆ. 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ ದೇಶದಲ್ಲಿ ಶುರುವಾದಾಗ ಮೊದಲ ಸುತ್ತಲ್ಲೇ ಕರ್ನಾಟಕ ಇತ್ತು, ಸ್ಕೂಲಲ್ಲಿ ಎಲ್ಲಾ ಮಕ್ಕಳಿಗೂ ಚುಚ್ಚಿದ್ರು, ವಾಟ್ಸಾಪಲ್ಲಿ ಬೇಡಾದ್ದೆಲ್ಲಾ ಹರಿದಾಡಿ ಎಷ್ಟೋ ಅಪ್ಪ ಅಮ್ಮಂದಿರು ಅವತ್ತು ಮಕ್ಕಳನ್ನ ಸ್ಕೂಲಿಗೇ ಕಳಿಸಿರಲಿಲ್ಲ, ಅದು ಬೇರೆ ಕಥೆ.

ಸಿಎಂವಿ ಮಾತ್ರ ಯಾರ ಬಾಯಲ್ಲೂ ಬರದ ಹೆಸರು, ಆದ್ರೆ ಹೊಟ್ಟೇಲಿ ಮಗೂಗೆ ತಗುಲೋ ವೈರಸ್‌ಗಳಲ್ಲಿ ಜಗತ್ತಲ್ಲಿ ಇದೇ ಜಾಸ್ತಿ. ಸಣ್ಣ ಮಕ್ಕಳ ಜೊಲ್ಲು, ಮೂತ್ರದಿಂದ ಹರಡುತ್ತೆ, ಮೊದಲ ಮಗುವಿನ ಎಂಜಲು ತಿನ್ನೋ ಅಮ್ಮಂದಿರೇ ಅಲ್ವಾ ನಾವೆಲ್ಲಾ. ಇದು ತಗುಲಿ ಹುಟ್ಟೋ ಹತ್ತು ಮಕ್ಕಳಲ್ಲಿ ಒಂಬತ್ತರಲ್ಲಿ ಹುಟ್ಟುವಾಗ ಏನೂ ಕಾಣಲ್ಲ. ಸ್ಕ್ಯಾನ್ ನಾರ್ಮಲ್, ತೂಕ ನಾರ್ಮಲ್, ಎಲ್ಲಾ ನಾರ್ಮಲ್. ಹಾಗೆ ಹುಟ್ಟಿದ ಮಕ್ಕಳಲ್ಲೂ ನೂರಕ್ಕೆ ಹತ್ತು ಹದಿನೈದಕ್ಕೆ ನಿಧಾನವಾಗಿ ಕಿವಿ ಹೋಗುತ್ತೆ. ಇನ್ನೊಂದು ಕಷ್ಟ ಅಂದ್ರೆ ಹುಟ್ಟಿ ಮೂರು ವಾರದೊಳಗೆ ಮಗೂನ ಮೂತ್ರ ಅಥವಾ ಜೊಲ್ಲು ಟೆಸ್ಟ್ ಮಾಡಿದ್ರೆ ಮಾತ್ರ ಹೊಟ್ಟೇಲೇ ತಗುಲಿದ್ದು ಅಂತ ಖಾತ್ರಿ ಹೇಳಬಹುದು, ಆಮೇಲೆ ಮಾಡಿದ್ರೆ ಹುಟ್ಟಿದ ಮೇಲೆ ತಗುಲಿದ್ದಿರಬಹುದು ಅಂತಾರೆ. ಬಾಣಂತಿ ಸೂತಕ ಸ್ನಾನ ಅಂತ ಮುಗಿಸೋ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತೆ. ಲಕ್ಷಣ ಇರೋ ಮಕ್ಕಳಿಗೆ ವಾಲ್‌ಗ್ಯಾನ್ಸಿಕ್ಲೋವಿರ್ ಅಂತ ಔಷಧಿ ಆರು ತಿಂಗಳು ಕೊಡ್ತಾರೆ, ಬೇಗ ಶುರು ಮಾಡಿದಷ್ಟೂ ಒಳ್ಳೇದು.

ನಮ್ಮ ದೇಶದಲ್ಲಿ ಸ್ಕ್ಯಾನ್ ರೂಮಿಗೆ ಇನ್ನೊಂದು ಭಾರ ಇದೆ. ಹೊಟ್ಟೇಲಿರೋದು ಗಂಡೋ ಹೆಣ್ಣೋ ಅಂತ ಪತ್ತೆ ಮಾಡೋದನ್ನ ತಡೆಯೋ 1994ರ ಕಾಯ್ದೆ ಪ್ರಕಾರ ಬಸುರಿಯರ ಪ್ರತಿ ಸ್ಕ್ಯಾನಿಗೂ ಫಾರಂ ಎಫ್ ತುಂಬಬೇಕು, ಯಾಕೆ ಸ್ಕ್ಯಾನ್ ಮಾಡ್ತಿದ್ದೀವಿ ಅಂತ ಕಾರಣ ಬರೀಬೇಕು. ಅಲ್ಲಿ ಕೂತಾಗ ಜ್ವರ ಬಂದಿತ್ತು, ಮೈಮೇಲೆ ಎದ್ದಿತ್ತು, ಇಂಥ ವಾರದಲ್ಲಿ ಅಂತ ಬಾಯಿಬಿಟ್ಟು ಹೇಳಿ. ಇವಳು ಮೊದಲನೇ ಸಲ ಹೇಳಿರಲಿಲ್ಲ, ಸ್ಕ್ಯಾನ್ ಮಾಡಿದವರಿಗೆ ಗೊತ್ತಿರಲಿಲ್ಲ, ಹತ್ತು ನಿಮಿಷದಲ್ಲಿ ಮುಗಿಸಿ ಕಳಿಸಿದ್ರು. ಎರಡನೇ ಸಲ ರಿಪೋರ್ಟ್ ಕೈಲಿ ಹಿಡ್ಕೊಂಡು ಹೋದಾಗ ಮುಕ್ಕಾಲು ಗಂಟೆ ಬರೀ ತಲೆ ನೋಡಿದ್ರಂತೆ. ಮೆಷಿನ್ ಅದೇ, ಡಾಕ್ಟ್ರು ಅವರೇ. ಹುಡುಕೋದು ಏನು ಅಂತ ಗೊತ್ತಿದ್ರೆ ಕಾಣೋದೂ ಬೇರೆ. ಏನಾದ್ರೂ ದೊಡ್ಡ ದೋಷ ತಡವಾಗಿ ಕಂಡ್ರೆ ಏನು ಗತಿ ಅಂತ ಕೇಳೋರಿಗೆ ಇಷ್ಟು ಗೊತ್ತಿರ್ಲಿ, 2021ರಲ್ಲಿ ಜಾರಿಗೆ ಬಂದ ತಿದ್ದುಪಡಿ ಆದ್ಮೇಲೆ 24 ವಾರ ದಾಟಿದ್ರೂ ಮಗುವಿಗೆ ಗಂಭೀರ ದೋಷ ಇದೆ ಅಂತ ಸರ್ಕಾರಿ ವೈದ್ಯಕೀಯ ಮಂಡಳಿ ಹೇಳಿದ್ರೆ ಗರ್ಭ ತೆಗೆಸೋಕೆ ಕಾನೂನಲ್ಲಿ ಅವಕಾಶ ಇದೆ. ಮುಂದುವರಿಸೋದು ಬಿಡೋದು ಆ ತಾಯಿ ನಿರ್ಧಾರ, ಅದರಲ್ಲಿ ಅಕ್ಕಪಕ್ಕದವರದ್ದು ಏನೂ ಇಲ್ಲ.

ಇವಳು ಏಳನೇ ತಿಂಗಳಿಗೆ ತವರಿಗೆ ಅಂತ ದಾವಣಗೆರೆಗೆ ಬಂದ್ಲು, ಪುಣೆ ಫೈಲೆಲ್ಲಾ ಬ್ಯಾಗಲ್ಲಿ ತುಂಬ್ಕೊಂಡು. ಒಟ್ಟು ಐದು ಸ್ಕ್ಯಾನ್ ಆಯ್ತು, ಎಲ್ಲಾ ಸರಿ ಇತ್ತು, ತಲೆ ಬೆಳವಣಿಗೆಯ ಗೆರೆ ಜಾರಲಿಲ್ಲ. 2025ರ ಜನವರಿಯಲ್ಲಿ ಹೆಣ್ಣು ಮಗು. ಮಾರನೇ ದಿನ ನರ್ಸ್ ಬಂದು ಟೇಪ್ ಸುತ್ತಿದಾಗ ನಾನೂ ಪಕ್ಕದಲ್ಲೇ ಇದ್ದೆ. 33.2, 33.4, ಮತ್ತೆ 33.4. ಕಾರ್ಡಲ್ಲಿ 33.4 ಅಂತ ಬರೆದ್ರು. ಚಿಕ್ಕಮ್ಮ ಅಷ್ಟರಲ್ಲಿ ಅಕ್ಕಪಕ್ಕದ ಬೆಡ್ಡಿಗೆಲ್ಲಾ ಸಕ್ಕರೆ ಹಂಚೋಕೆ ಹೋಗಿಯಾಗಿತ್ತು. ಆದ್ರೆ ಡಾಕ್ಟ್ರು ಬಿಡ್ಲಿಲ್ಲ, ನೆತ್ತಿ ಮೆತ್ತಗಿರುತ್ತಲ್ಲ ಅಲ್ಲಿಂದ ಮಗೂನ ತಲೇದೇ ಒಂದು ಸ್ಕ್ಯಾನ್, ಒಂದು ತಿಂಗಳೊಳಗೆ ಕಣ್ಣಿನ ಪರದೆ ನೋಡೋ ಡಾಕ್ಟ್ರ ಹತ್ರ, ಆಮೇಲೆ ಕಿವಿಗೆ ಎಬಿಆರ್ ಅಂತ ಟೆಸ್ಟ್. ಮಗು ಮಲಗಿರುವಾಗ ತಲೆಗೆ ಸಣ್ಣ ಸಣ್ಣ ಬಿಲ್ಲೆ ಅಂಟಿಸಿ ಕಿವಿಗೆ ಟಿಕ್ ಟಿಕ್ ಅಂತ ಶಬ್ದ ಬಿಡ್ತಾರೆ, ಮಿದುಳು ಉತ್ತರ ಕೊಡ್ತಿದೆಯಾ ಅಂತ ಕಂಪ್ಯೂಟರ್ ನೋಡುತ್ತೆ. ಚಪ್ಪಾಳೆ ಹೊಡೆದ್ರೆ ತಿರುಗುತ್ತೆ, ಟೆಸ್ಟ್ ಯಾಕೆ ಅಂತ ಚಿಕ್ಕಮ್ಮ. ಚಪ್ಪಾಳೆ ಗಾಳಿಗೂ ಮಗು ತಿರುಗುತ್ತೆ ಚಿಕ್ಕಮ್ಮ, ಅಂದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರು ಎಷ್ಟೋ ವರ್ಷದಿಂದ ಹಸುಗೂಸುಗಳ ಕಿವಿ ಪರೀಕ್ಷೆ ಮಾಡ್ತಿದ್ದಾರೆ, ಜಿಲ್ಲಾಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆ ನೋಡೋಕೆ ಅಂತಾನೇ ಒಂದು ವಿಭಾಗ ಇದೆ, ಕೇಳಿದ್ರೆ ತೋರಿಸ್ತಾರೆ, ಕೇಳದಿದ್ರೆ ಯಾರೂ ಕರೆಯಲ್ಲ.

ಆವತ್ತಿಂದ ತಿಂಗಳಿಗೊಂದು ಫೋಟೋ ಬರುತ್ತೆ ನಂಗೆ. ಮಗು ಫೋಟೋ ಅಲ್ಲ, ಕಾರ್ಡಿನ ಫೋಟೋ. ಒಂದನೇ ತಿಂಗಳು 36.1, ಮೂರಕ್ಕೆ 39.2, ಆರಕ್ಕೆ 41.9. ಗೆರೆ ಮೇಲೆ ಗೆರೆ ಕೂತ್ಕೊಂಡು ಹೋಗ್ತಿದೆ. ಆರನೇ ತಿಂಗಳ ಫೋಟೋ ಜೊತೆ ಮೆಸೇಜು: "ಅಕ್ಕಾ ಬೋರಲು ಬಿದ್ದು ತೆವಳ್ತಿದ್ದಾಳೆ, ಟೇಪ್ ಹಿಡಿದ್ರೆ ಬಾಯಿಗೆ ಹಾಕ್ಕೊಂಡ್ಲು. ಕಿವಿ ಇನ್ನೊಂದ್ಸಲ ಮಾಡ್ಬೇಕಂತೆ, ಮುಂದಿನ ತಿಂಗಳು 14ಕ್ಕೆ ಡೇಟ್ ಕೊಟ್ಟಿದ್ದಾರೆ." ದುಡ್ಡು ಕೀಳೋಕಾ ಅಂತ ಈ ಸಲ ಕೇಳಿರಲಿಲ್ಲ.